‘ಬೀಜ’ ಎಂಬ ಉಲ್ಲೇಖವನ್ನು ನಾನು ಬರೆದ ಬಗೆ

ಕೃಷಿಯ ಪದಕೋಶವೊಂದಕ್ಕಾಗಿ ‘ಬೀಜ’ ಎಂಬ ಉಲ್ಲೇಖವನ್ನು ಸಿದ್ಧಪಡಿಸಲು ಕುಳಿತ ಮೊದಲ ದಿನ, ಬಿತ್ತು, ಕಾಳು, ಗೊರಟೆ, ವಾಟೆ, ಬೇಳೆ ಎಂದು ಸಮಾನಾರ್ಥಕಗಳನ್ನು ಒಂದೇ ಸಾಲಿನಲ್ಲಿ ಬರೆದು ಕೆಲಸ ಮುಗಿಯಿತೆಂದುಕೊಂಡೆ. ಮರುದಿನ ಓದಿ ನೋಡಿದಾಗ, ಈ ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಆಡುವವರು ಯಾರೂ ಇಲ್ಲವೆಂಬುದು ಹೊಳೆಯಿತು. ಆದ್ದರಿಂದ ಪದಕ್ಕೊಂದು ಚೀಟಿ ಮಾಡಿ, ಅದರ ಜೊತೆಗೆ ಯಾವ ಕ್ರಿಯಾಪದ ಬರುತ್ತದೆ ಎಂಬುದನ್ನಷ್ಟೇ ಗುರುತು ಹಾಕತೊಡಗಿದೆ.

ಹೆಚ್ಚು ಕಲಿಸಿದ್ದು ‘ಕಾಳು’. ತೆನೆ ಕಾಳು ಕಟ್ಟುತ್ತದೆ, ಹಾಲುಗಾಳು ಬಲಿಯುತ್ತದೆ, ತೂರಿದಾಗ ಜೊಳ್ಳು ಹಾರಿ ಕಾಳು ಉಳಿಯುತ್ತದೆ. ಆದರೆ ಅದೇ ರಾಶಿಯಿಂದ ಒಂದಿಷ್ಟನ್ನು ಮುಂದಿನ ಬಿತ್ತನೆಗೆಂದು ಆರಿಸಿ ತೆಗೆದಿಟ್ಟ ಗಳಿಗೆಯಿಂದ ಅದು ಬೀಜವಾಗುತ್ತದೆ. ವಸ್ತು ಬದಲಾಗಿಲ್ಲ, ಉದ್ದೇಶ ಬದಲಾಗಿದೆ. ಶುಂಠಿ ಬೆಳೆಯುವವರು ನಾಟಿಗೆ ಇಟ್ಟುಕೊಂಡ ಗಡ್ಡೆಯನ್ನೂ ‘ಶುಂಠಿ ಬೀಜ’ ಎನ್ನುವುದು ಸಸ್ಯಶಾಸ್ತ್ರಕ್ಕೆ ಒಪ್ಪದಿದ್ದರೂ, ಭಾಷೆಯ ದೃಷ್ಟಿಯಿಂದ ಸಂಪೂರ್ಣ ಸರಿಯಾದ ಬಳಕೆ ಎಂದೇ ನನ್ನ ತೀರ್ಮಾನ.

‘ಬಿತ್ತು’ ಎಂಬುದನ್ನು ಸಂಸ್ಕೃತದ ‘ಬೀಜ’ದ ತದ್ಭವವೆಂದು ನಾನು ಬಹುಕಾಲ ತಪ್ಪು ತಿಳಿದಿದ್ದೆ. ತಮಿಳು, ಮಲಯಾಳ, ತೆಲುಗುಗಳ ‘ವಿತ್ತು’ ಕಣ್ಣಿಗೆ ಬಿದ್ದ ಮೇಲೆ ಸಂಶಯ ತೀರಿತು. ತಮಿಳಿನ ‘ವಿರಲ್’ ನಮ್ಮಲ್ಲಿ ‘ಬೆರಳು’ ಆಗಿರುವಂತೆ ಇಲ್ಲಿಯೂ ವಕಾರಕ್ಕೆ ಬಕಾರ ಬಂದಿದೆ. ನಾಮಪದವಾಗಿ ಅದು ಇಂದು ವಿರಳವಾಗಿದ್ದರೂ ಕ್ರಿಯಾಪದವಾಗಿ ದಿನನಿತ್ಯವೂ ಬದುಕಿದೆ. ‘ಬಿತ್ತನೆ ಬೀಜ’ ಎಂಬ ಜೋಡಿಪದವನ್ನು ಪುನರುಕ್ತಿಯೆಂದು ಹೊಡೆದುಹಾಕಲು ಹೊರಟಿದ್ದ ನಾನು, ಗಾಣಕ್ಕೆ ಹೋಗುವ ಎಣ್ಣೆಬೀಜದಿಂದ ಅದನ್ನು ಬೇರ್ಪಡಿಸುವುದು ಆ ಮೊದಲ ಪದವೇ ಎಂದು ಅರಿತು ಹಾಗೆಯೇ ಉಳಿಸಿಕೊಂಡೆ.

ಗೊರಟೆಯ ವಿಷಯದಲ್ಲಿ ಚೀಟಿಗಳು ಸಾಲಲಿಲ್ಲ. ಒಣಗಿದ ಮಾವಿನ ಗೊರಟೆಯೊಂದರ ಅಂಚನ್ನು ಕತ್ತರಿಸಿ ಬಿಡಿಸಿದೆ: ಹೊರಗೆ ನಾರು, ಅದರೊಳಗೆ ಗಡುಸಾದ ಚಿಪ್ಪು, ಚಿಪ್ಪಿನೊಳಗೆ ತೆಳುವಾದ ಕಂದು ಪೊರೆ ಹೊದ್ದ ಬೀಜ. ಚಿಪ್ಪು ಹಣ್ಣಿನದೇ ಒಳಪದರವಾದ್ದರಿಂದ ಗೊರಟೆ ಎಂಬುದು ಬೀಜದ ಪರ್ಯಾಯವಲ್ಲ, ಬೀಜವನ್ನು ಒಳಗಿಟ್ಟುಕೊಂಡ ಗೂಡು. ಬೇಳೆಯೂ ಹೀಗೆಯೇ, ದ್ವಿದಳ ಕಾಳನ್ನು ಒಡೆದಾಗ ಸಿಗುವ ಅರ್ಧಭಾಗ ಅದು. (ಹಲಸಿನ ಇಡೀ ಬೀಜವನ್ನೇ ಮಲೆನಾಡಿನಲ್ಲಿ ‘ಬೇಳೆ’ ಎನ್ನುವುದನ್ನು ಪ್ರಾದೇಶಿಕ ಬಳಕೆಯೆಂದು ಸೇರಿಸಿದೆ.)

ಗಿಡದಿಂದ ಹೊರಗೆ ಹರಡಿದ ಅರ್ಥಗಳನ್ನು ಕೊನೆಯಲ್ಲಿಟ್ಟೆ: ಬೀಜದ ಹೋರಿಯಲ್ಲಿ ಸಂತಾನಶಕ್ತಿ, ಜಗಳದ ಬೀಜದಲ್ಲಿ ಮೂಲಕಾರಣ, ಬೀಜಾಕ್ಷರದಲ್ಲಿ ಮಂತ್ರದ ಸಾರ. 12ನೆಯ ಶತಮಾನದಲ್ಲಿ ಭಾಸ್ಕರಾಚಾರ್ಯರ ಗ್ರಂಥದ ಹೆಸರಾಗಿದ್ದ ‘ಬೀಜಗಣಿತ’ಕ್ಕೆ ‘ಅವ್ಯಕ್ತಗಣಿತ’ವೆಂಬ ಹೆಸರೂ ಇದೆ, ಕಾಣದ ಮೊತ್ತವನ್ನು ಮಣ್ಣಿನೊಳಗಿನ ಬೀಜದ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಆದ ಸಂತೋಷ ಸಣ್ಣದಲ್ಲ. ಅಂತಿಮ ಪ್ರತಿಯಲ್ಲಿ ‘ಬೀಜ’ದ ಎದುರು ಸಮಾನಾರ್ಥಕವಾಗಿ ಉಳಿದದ್ದು ‘ಬಿತ್ತು’ ಒಂದೇ. ಕಾಳು, ಬೇಳೆ, ಗೊರಟೆಗಳು ತಮ್ಮ ತಮ್ಮ ಅಕ್ಷರದ ಪುಟಗಳಿಗೆ ಹೋದವು, ವಾಟೆ ಗೊರಟೆಯ ಜೊತೆಗೆ ಸೇರಿತು.