ಡೈವೋರ್ಸ್ ಮೀಡಿಯೇಷನ್: ದುಡ್ಡಿನ ಮಾತು ಕೊನೆಗೆ

ಡೈವೋರ್ಸ್ ಕೇಸಿನ ಮೀಡಿಯೇಷನ್‌ನಲ್ಲಿ, ಅಂದರೆ ಮಧ್ಯಸ್ಥರ ಮುಂದೆ ಕೂತು ರಾಜಿ ಮಾತಾಡುವಾಗ, ದುಡ್ಡಿನ ಮಾತನ್ನು ಕೊನೆಗೆ ಎತ್ತಬೇಕು ಎಂದಾಗ ನಮ್ಮ ವಕೀಲರ ಬಳಗದಲ್ಲಿ ಯಾರೂ ಒಪ್ಪಲಿಲ್ಲ. "ಮೊದಲು ಎಷ್ಟು ಅಂತ ಕೇಳಮ್ಮಾ, ಮಿಕ್ಕಿದ್ದು ತಾನಾಗೇ ಸರಿಹೋಗುತ್ತೆ" ಎಂದರು ನನ್ನ ಸೀನಿಯರ್. ಈಗ ಅವರೇ ಗಂಡ-ಹೆಂಡತಿ ಫೈಲ್‌ಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ನಾನು ಬೆಂಗಳೂರಿನ ಮೀಡಿಯೇಷನ್ ಕೇಂದ್ರ ಇರುವ ನ್ಯಾಯ ದೇಗುಲಕ್ಕೆ ಒಯ್ದ ಕೇಸುಗಳಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ರಾಜಿಯಾಗಿವೆ. ಒಳಗಿನ ಮಾತು ಹೊರಗೆ ಬರಬಾರದಲ್ವಾ, ಹಾಗಾಗಿ ಗುರುತುಗಳನ್ನು ಬದಲಿಸಿ ಬರೆದಿದ್ದೇನೆ.

ಹಳೇ ಕ್ರಮದಲ್ಲಿ ಆಗುತ್ತಿದ್ದುದು ಇಷ್ಟೇ. ಮೊದಲ ದಿನವೇ ಹುಡುಗಿ ಕಡೆಯವರು 40 ಲಕ್ಷ ಎನ್ನುತ್ತಾರೆ, ಹುಡುಗನ ಕಡೆಯವರು 8. ಸೋದರಮಾವ ಎದ್ದು ನಿಂತು "ನಡಿಯೋ, ಕೋರ್ಟಲ್ಲೇ ನೋಡ್ಕೊಳ್ಳೋಣ" ಎನ್ನುತ್ತಾನೆ. ಫೈಲ್ ಫ್ಯಾಮಿಲಿ ಕೋರ್ಟಿಗೆ ವಾಪಸ್. ಮತ್ತೆ ಮಧ್ಯಂತರ ಜೀವನಾಂಶ, ಆಕ್ಷೇಪಣೆ, ಪಾಟೀ ಸವಾಲು.

ನಾನು ಒಡವೆಯಿಂದ ಶುರು ಮಾಡುತ್ತೇನೆ. ಮೀಡಿಯೇಟರ್‌ಗೂ ಮೊದಲೇ ಹೇಳಿರುತ್ತೇನೆ. ಒಡವೆಗೆ ಮದುವೆ ಫೋಟೋ ಇದೆ, ರಸೀದಿ ಇದೆ, ಲಾಕರ್ ಇದೆ. ಎಣಿಸಬಹುದು. ಗ್ರಾಂ ಲೆಕ್ಕದಲ್ಲೇ ಬರೆಸಿ, ರೂಪಾಯಿ ಲೆಕ್ಕದಲ್ಲಿ ಬೇಡ. ರಾಜಿ ಪತ್ರ ಬರೆದು ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಆಗುವಷ್ಟರಲ್ಲಿ ಚಿನ್ನದ ರೇಟ್ ಏರಿ ಜಗಳ ಮತ್ತೆ ಹುಟ್ಟಿದ್ದನ್ನು ನೋಡಿದ್ದೇನೆ. ಆಮೇಲೆ ಮಗು: ಶನಿವಾರ-ಭಾನುವಾರ ಯಾರ ಹತ್ತಿರ, ದಸರಾ ರಜೆ, ಬೇಸಿಗೆ ರಜೆ, ಪಾಸ್‌ಪೋರ್ಟ್ ಅರ್ಜಿಗೆ ಸಹಿ, ಸ್ಕೂಲ್ ಫೀಸ್. ಆಮೇಲೆ ಒಬ್ಬರ ಮೇಲೊಬ್ಬರು ಹಾಕಿದ ಕೇಸುಗಳು. ಮೊತ್ತ ಕಟ್ಟಕಡೆಗೆ.

ಅಂಥದ್ದೇ ಒಂದು 40-8ರ ಕೇಸನ್ನು ನನ್ನ ಕ್ರಮದಲ್ಲಿ ನೋಡಿ. ಅವಳ ಕಡೆಯ 40ರೊಳಗೆ ಸುಮಾರು 12 ಲಕ್ಷದ ಒಡವೆ ಇತ್ತು, ಮಗುವಿನ ಓದಿಗೆ ಅಂತ 10 ಇತ್ತು. ಒಡವೆ ವಾಪಸ್ ಕೊಡಲು, ಮಗುವಿನ ಹೆಸರಲ್ಲಿ ಎಫ್.ಡಿ. ಇಡಲು ಅವನು ಅಷ್ಟಾಗಿ ತಕರಾರು ಮಾಡಲಿಲ್ಲ. ಉಳಿದದ್ದು 18. ಅವನು 14ಕ್ಕೆ ಬಂದ. 16ಕ್ಕೆ ಮುಗಿಯಿತು. ಅವನ ಬಾಯಿಂದ ಆ 14 ಬರುವ ಮುಂಚೆ, ಒಬ್ಬನನ್ನೇ ಕೂರಿಸಿಕೊಂಡಾಗ ಮೀಡಿಯೇಟರ್ ಒಂದು ಪ್ರಶ್ನೆ ಕೇಳಿದರು. ಅದನ್ನು ಬರೆದುಕೊಟ್ಟಿದ್ದು ನಾನು. ಅದೇನು ಅಂತ ಇಲ್ಲಿ ಹೇಳಲ್ಲ, ಎದುರು ಪಕ್ಷದ ವಕೀಲರೂ ಇದನ್ನು ಓದುತ್ತಾರೆ.

ಆಸ್ತಿ-ಸಾಲದ ಅಫಿಡವಿಟ್ ಇಬ್ಬರದ್ದೂ ಬರುವವರೆಗೆ ನಾನು ಕೂರುವುದೇ ಇಲ್ಲ. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಇದನ್ನು ಕೊಡಬೇಕು ಎಂದ ಸುಪ್ರೀಂ ಕೋರ್ಟಿನ 2020ರ ರಜನೀಶ್-ನೇಹಾ ತೀರ್ಪು ಬಂದ ಮೇಲೆ ಇದನ್ನು ಕೇಳಲು ಯಾರ ಮುಲಾಜೂ ಬೇಡ.

ಇನ್ನು ಕಂತು. ಜಾಸ್ತಿ ಪೆಟ್ಟು ಬೀಳುವುದು ಇಲ್ಲೇ. ಒಬ್ಬ ಗಂಡ ಮೊದಲ ಮೋಷನ್ ದಿನವೇ, ಅಂದರೆ ಡೈವೋರ್ಸ್‌ಗೆ ಜಂಟಿ ಅರ್ಜಿ ಹಾಕಿದ ದಿನವೇ, ಪೂರ್ತಿ ಕೊಟ್ಟ. ಒಪ್ಪಿಗೆಯನ್ನು ಮತ್ತೆ ಖಚಿತಪಡಿಸುವ ಎರಡನೇ ಮೋಷನ್‌ಗೆ ಆಕೆ ಬರಲೇ ಇಲ್ಲ. ಹಿಂದೂ ವಿವಾಹ ಕಾಯ್ದೆಯ 13ಬಿ (ಪರಸ್ಪರ ಒಪ್ಪಿಗೆಯ ಡೈವೋರ್ಸ್) ಅಡಿ ಡಿಕ್ರಿ ಆಗುವವರೆಗೂ ಒಪ್ಪಿಗೆ ವಾಪಸ್ ಪಡೆಯಬಹುದು ಅಂತ 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೊಂದು ಕೇಸಿನಲ್ಲಿ ಮುಂದಿನ ತಾರೀಖಿನ ಚೆಕ್ ಕೊಟ್ಟರು, ಬೌನ್ಸ್ ಆಯಿತು, ಹುಡುಗಿಗೆ ಹೊಸದೊಂದು ಕೇಸ್ ಗಂಟುಬಿತ್ತು. ಈಗ ಎಲ್ಲಾ ಡಿ.ಡಿ., ಮೂರು ಕಂತು. ಜಂಟಿ ಅರ್ಜಿ ಹಾಕಿದ ದಿನ ಸುಮಾರು 30 ಪರ್ಸೆಂಟ್. ಹೈಕೋರ್ಟಿನಲ್ಲಿ 498ಎ (ಹೆಂಡತಿಗೆ ಕಿರುಕುಳದ ಕ್ರಿಮಿನಲ್ ಕೇಸ್, ಹೊಸ ಕೇಸುಗಳಿಗೆ ಈಗ ಬಿ.ಎನ್.ಎಸ್. 85) ರದ್ದಾದಾಗ ಇನ್ನೊಂದು 30. ಉಳಿದದ್ದು ಡಿಕ್ರಿ ದಿನ ಕೋರ್ಟ್ ಹಾಲ್‌ನಲ್ಲೇ ಕೈಗೆ. 498ಎ ನಮ್ಮಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ರಾಜಿಯಾಗುವಂಥದ್ದಲ್ಲ, ಹೈಕೋರ್ಟಿಗೆ ಹೋಗಲೇಬೇಕು. ಅದಕ್ಕೆ ಹಿಂದೆ ಸಿ.ಆರ್.ಪಿ.ಸಿ. 482ನೇ ಸೆಕ್ಷನ್, ಈಗ ಅದರ ಜಾಗಕ್ಕೆ ಬಂದ ಬಿ.ಎನ್.ಎಸ್.ಎಸ್.ನ 528. ಎರಡನೇ ಕಂತನ್ನು ಆ ಆದೇಶಕ್ಕೆ ಗಂಟು ಹಾಕಿದರೆ ಎರಡೂ ಕಡೆಯವರು ಓಡಾಡುತ್ತಾರೆ.

ಬೇರೆಯಾಗಿರುವ ತಾರೀಖನ್ನು ರಾಜಿ ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ. ಒಂದೂವರೆ ವರ್ಷ ದಾಟಿದ್ದರೆ, ಸುಪ್ರೀಂ ಕೋರ್ಟಿನ 2017ರ ಅಮರ್‌ದೀಪ್ ಸಿಂಗ್ ತೀರ್ಪು ಹಿಡಿದು ಎರಡು ಮೋಷನ್‌ಗಳ ನಡುವಿನ ಆರು ತಿಂಗಳ ಕಾಯುವಿಕೆ ಮನ್ನಾ ಕೇಳಬಹುದು.

ಕೆಲವು ಪ್ರಯೋಗ ಕೈಕೊಟ್ಟವು. ಇಬ್ಬರೂ ಚೀಟಿಯಲ್ಲಿ ಮೊತ್ತ ಬರೆದು ಮೀಡಿಯೇಟರ್‌ಗೆ ಗುಟ್ಟಾಗಿ ಕೊಡಲಿ ಎಂದೆವು. ಚೀಟಿಯಲ್ಲೂ ಚೌಕಾಸಿ! ಅಲ್ಲಿಗೇ ಬಿಟ್ಟೆವು. ಟೆಕ್ಸಾಸ್‌ನಲ್ಲಿದ್ದ ಗಂಡನನ್ನು ವಿಡಿಯೋದಲ್ಲಿ ಕೂರಿಸಿದೆವು. ಇಲ್ಲಿ ಬೆಳಿಗ್ಗೆ ಹತ್ತೂವರೆ ಅಂದರೆ ಅಲ್ಲಿ ನಡುರಾತ್ರಿ. ನಿದ್ದೆಗಣ್ಣಲ್ಲಿ ಎಲ್ಲದಕ್ಕೂ ಹೂಂ ಅಂದವನು ಮಾರನೇ ದಿನ ಇಲ್ಲ ಅಂತ ಮೇಲ್ ಹಾಕಿದ. ಆಮೇಲೆ ಖಾಸಗಿ ಮೀಡಿಯೇಟರ್ ಹಿಡಿದು ನಮ್ಮ ಸಂಜೆ ಹೊತ್ತಿಗೆ ಇಟ್ಟೆವು, ಕೆಲಸ ಆಯಿತು. ಹಿರಿಯರು ಒಂದು ಕಡೆಗೆ ಒಬ್ಬರೇ, ಅದೂ ಮೊದಲ ಸಿಟ್ಟಿಂಗ್‌ಗೆ ಮಾತ್ರ. ಹೊಡೆತ ತಿಂದು ಬಂದವಳನ್ನು ಅವನ ಜೊತೆ ಒಂದೇ ಕೋಣೆಯಲ್ಲಿ ನಾನು ಕೂರಿಸುವುದಿಲ್ಲ. ಮಾತಾಡುವುದಿದ್ದರೆ ಬೇರೆ ಬೇರೆಯಾಗಿಯೇ.

ನನ್ನ ಫೀಸ್ ಬಗ್ಗೆ ಎಲ್ಲರಿಗೂ ಕುತೂಹಲ. ಹಿಂದೆ ಮೂರ್ನಾಲ್ಕು ವರ್ಷ ಎಳೆದ ಕೇಸಿಗೆ ತಾರೀಖಿಗೆ ಇಷ್ಟು ಅಂತ ಒಂದೂವರೆ ಲಕ್ಷ ಆಗುತ್ತಿತ್ತು, ಕಾಗದದ ಮೇಲೆ. ಅರ್ಧ ಬರುತ್ತಲೇ ಇರಲಿಲ್ಲ. ಈಗ 60-70 ಸಾವಿರ ಗುತ್ತಿಗೆ ಥರ, ಅರ್ಧ ಮೊದಲು, ಅರ್ಧ ಡಿಕ್ರಿ ದಿನ. ಅಷ್ಟೂ ಬರುತ್ತೆ. ಕೋರ್ಟ್ ಕಳಿಸುವ ಮೀಡಿಯೇಷನ್‌ಗೆ ಕಕ್ಷಿದಾರರು ಬೇರೆ ಖರ್ಚು ಮಾಡಬೇಕಿಲ್ಲವಲ್ಲ, ಹಾಗಾಗಿ ನನಗೆ ಕೊಡಲು ಅವರಿಗೂ ಬೇಜಾರಿಲ್ಲ.

ನನ್ನ ಕ್ರಮ ಇನ್ನೂ ಒಗ್ಗದಿರುವುದು ಜಂಟಿ ಹೋಮ್ ಲೋನ್ ಇರುವ ಫ್ಲ್ಯಾಟ್‌ಗೆ. ಗಂಡ-ಹೆಂಡತಿ ಒಪ್ಪಿದ ಮಾತ್ರಕ್ಕೆ ಬ್ಯಾಂಕ್ ಒಬ್ಬರ ಹೆಸರನ್ನು ಸಾಲದಿಂದ ಬಿಡುವುದಿಲ್ಲ. ಈಗಿನ ಒಂದು ಕೇಸಿನಲ್ಲಿ ಒಡವೆಗಿಂತಲೂ ಮೊದಲು ಬ್ಯಾಂಕಿಗೇ ಪತ್ರ ಬರೆಸಿದ್ದೇನೆ. ಉತ್ತರ ಬಂದಿಲ್ಲ.