ಹೊಸ ಟೈರ್ ಹಿಂದಕ್ಕೆ ಹಾಕಿಸಿದೆ

ಬಾಗಲಕೋಟೆಯಲ್ಲಿ ನನ್ನದು ಬಾಡಿಗೆ ಕಾರು. ಬೇಸಿಗೆಯಲ್ಲಿ ಜಾಸ್ತಿ ಓಡಾಟ ವಿಜಯಪುರ, ಸೋಲಾಪುರದ ಕಡೆಗೆ. ಮಳೆ ಹಿಡಿದರೆ ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿ, ಅಲ್ಲಿಂದ ಜಾಂಬೋಟಿ ಮೇಲೆ ಚೋರ್ಲಾ ಘಾಟ್ ಇಳಿದು ಗೋವಾ. ಒಂದು ಕಡೆ ಕಾದ ಡಾಂಬರು, ಇನ್ನೊಂದು ಕಡೆ ನೀರು ಹರಿಯುವ ರಸ್ತೆ. ಎರಡಕ್ಕೂ ಅವೇ ನಾಲ್ಕು ಟೈರು.

ಹೋದ ವರ್ಷ ಮಳೆಗಾಲಕ್ಕೆ ಮೊದಲು ಎರಡು ಟೈರ್ ಮಾತ್ರ ಬದಲಿಸಿದೆ. ನಾಲ್ಕಕ್ಕೂ ದುಡ್ಡು ಹೊಂದಲಿಲ್ಲ. ಅಂಗಡಿಯವರು, "ಎಂಜಿನ್ ಮುಂದ ಐತ್ರಿ, ಸ್ಟೇರಿಂಗೂ ಮುಂದ. ಹೊಸಾವು ಮುಂದನ ಇರ್ಲಿ" ಅಂದರು. ನನಗೂ ಸರಿ ಅನ್ನಿಸಿತು. ಅರ್ಧ ಸವೆದಿದ್ದ ಎರಡು ಹಿಂದಕ್ಕೆ ಹೋದವು.

ಜುಲೈನಲ್ಲಿ ಒಂದು ಕುಟುಂಬ ಕರ್ಕೊಂಡು ಗೋವಾಕ್ಕೆ ಹೊರಟಿದ್ದೆ. ಕಣಕುಂಬಿ ದಾಟಿದ ಮೇಲೆ ಮಳೆ ಎಷ್ಟಿತ್ತೆಂದರೆ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ವೇಗ ನಲವತ್ತರ ಆಸುಪಾಸು. ಇಳಿಜಾರಿನಲ್ಲಿ ಎಡ ತಿರುವು ಬಂತು, ಮುಂದಿನ ಗಾಡಿ ನಿಧಾನ ಮಾಡಿತು, ನಾನೂ ಬ್ರೇಕ್ ಮುಟ್ಟಿದೆ. ಮುಂದಿನ ಚಕ್ರಗಳು ನೆಲ ಹಿಡಿದವು, ಹಿಂದಿನವು ಹಿಡಿಯಲಿಲ್ಲ. ಯಾರೋ ಡಿಕ್ಕಿಗೆ ಕೈ ಕೊಟ್ಟು ಪಕ್ಕಕ್ಕೆ ನೂಕಿದ ಹಾಗಾಯಿತು. ಗಾಡಿ ನಿಂತಾಗ ಮೂತಿ ಎಡಕ್ಕಿತ್ತು, ಹಿಂಭಾಗ ಪೂರ್ತಿ ಎದುರು ಗಾಡಿ ಬರುವ ಕಡೆ. ಅದೃಷ್ಟಕ್ಕೆ ಯಾರೂ ಬರುತ್ತಿರಲಿಲ್ಲ. "ಏನಾತಪ್ಪಾ?" ಅಂತ ಹಿಂದಿನ ಸೀಟಿನ ಅಜ್ಜಿ ಕೇಳಿದರು. ನನಗೆ ಮಾತೇ ಹೊರಡಲಿಲ್ಲ.

ಆಮೇಲೆ ಕೂತು ಯೋಚಿಸಿದೆ. ಟೈರಿನ ಮೇಲಿನ ಆ ಉದ್ದ ಗೀರುಗಳು ಇರುವುದೇ ನೀರನ್ನು ಆಚೆ ತಳ್ಳೋಕೆ. ಅವು ಸವೆದರೆ ನೀರು ಹೋಗಲು ಜಾಗ ಇರಲ್ಲ, ರಬ್ಬರ್ ನೀರಿನ ಮೇಲೆ ತೇಲುತ್ತದೆ. ಮುಂದಿನ ಚಕ್ರ ಜಾರಿದರೆ ಸ್ಟೇರಿಂಗ್ ಹಗುರವಾಗಿ ಕೈಗೆ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಹಿಡಿಯುತ್ತದೆ. ಹಿಂದಿನದು ಜಾರಿದರೆ ಗೊತ್ತಾಗುವಷ್ಟರಲ್ಲಿ ಗಾಡಿ ತಿರುಗಿರುತ್ತದೆ. ವಾಪಸ್ ಬರುವಾಗ ಬೆಳಗಾವಿಯಲ್ಲೇ ನಿಲ್ಲಿಸಿ ಹೊಸ ಎರಡನ್ನು ಹಿಂದಕ್ಕೆ ಹಾಕಿಸಿದೆ. ಅಲ್ಲಿನ ಹುಡುಗನೂ ಬೇಡ ಅಂದ. ನಾನು ಕೇಳಲಿಲ್ಲ. ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಆಳ ಉಳಿದಿದ್ದರೆ ಸಾಕು. ಘಾಟ್ ಇಳಿಯುವವರಿಗೆ ಅದು ಸಾಲದು. ನಾನು 3 ಮಿಲಿಮೀಟರ್‌ಗೇ ಬದಲಿಸುತ್ತೇನೆ.

ಬೇಸಿಗೆಯ ಕಥೆ ಬೇರೆ. ಏಪ್ರಿಲ್‌ನಲ್ಲಿ ಕೊಲ್ಹಾರ ದಾಟಿ ವಿಜಯಪುರಕ್ಕೆ ಹೋಗುವಾಗ ಮಟಮಟ ಮಧ್ಯಾಹ್ನ ಮೊಳೆ ಚುಚ್ಚಿ ಪಂಕ್ಚರ್ ಆಯಿತು. ಸ್ಟೆಪ್ನಿ ಹಾಕಿದೆ. ನೋಡಲು ಹೊಸದರಂತಿತ್ತು, ಗ್ರಿಪ್ ಒಂದಿಷ್ಟೂ ಸವೆದಿರಲಿಲ್ಲ. ಇಪ್ಪತ್ತು ಕಿಲೋಮೀಟರ್ ಓಡಲಿಲ್ಲ, ಟೈರಿನ ಪಕ್ಕದ ಗೋಡೆ ಹರಿದು ಢಮ್ ಅಂತು. ಆರಿದ ಮೇಲೆ ಬೆರಳಾಡಿಸಿ ನೋಡಿದೆ. ಬಿಸಿಲಿಗೆ ಒಡೆದ ಎರೆ ಹೊಲದ ಹಾಗೆ ಸಣ್ಣ ಸಣ್ಣ ಬಿರುಕು. ಗೋಡೆಯ ಮೇಲೆ 1416 ಅಂತಿತ್ತು. ಅಂದರೆ 2016ನೇ ಇಸವಿಯ 14ನೇ ವಾರ ತಯಾರಾದದ್ದು. ಡಿಕ್ಕಿಯಲ್ಲಿ ಸುಮ್ನೆ ಮಲಗಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ ಅಲ್ವಾ? ಈಗ ಹೊಸ ಟೈರ್ ಕೊಳ್ಳುವಾಗಲೂ ದರ ಕೇಳುವ ಮೊದಲು ಆ ನಾಲ್ಕು ಅಂಕಿ ನೋಡುತ್ತೇನೆ.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ಬಿಸಿಲಿಗೆ ಟೈರ್ ಸಿಡಿಯುತ್ತದೆ ಅಂತ ಹವಾ ಕಡಿಮೆ ಇಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹವಾ ಕಡಿಮೆಯಾದಷ್ಟೂ ಟೈರಿನ ಗೋಡೆ ಮಡಚಿ ಮಡಚಿ ಒಳಗೇ ಕಾಯುತ್ತದೆ, ಸಿಡಿಯುವುದು ಅದರಿಂದಲೇ. ನಾನು ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದಷ್ಟು ಹವಾ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ ಹಾಕಿಸುತ್ತೇನೆ. ಓಡಿ ಬಂದ ಮೇಲೆ ಮೀಟರ್ ನಾಲ್ಕೈದು ಪಾಯಿಂಟ್ ಜಾಸ್ತಿ ತೋರಿಸಿದರೂ ಬಿಡಿಸುವುದಿಲ್ಲ. ತಿಂಗಳಿಗೊಮ್ಮೆ ಸ್ಟೆಪ್ನಿಯನ್ನೂ ಹೊರಗೆ ತೆಗೆದು ಹವಾ ನೋಡಿಸುತ್ತೇನೆ.