ಬೇಸಿಗೆಯಲ್ಲಿ ತೂತಾದ ಹೊಗೆಕೊಳವೆ

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿರುವ ನಮ್ಮ ಹಳೆಯ ಇಟ್ಟಿಗೆ ಮನೆಯ ಚಿಮಣಿಯಲ್ಲಿ ಇಳಿಬಿಟ್ಟಿದ್ದ ಸ್ಟೇನ್‌ಲೆಸ್ ಸ್ಟೀಲ್ ಲೈನರನ್ನು, ಅಂದರೆ ಹೊಗೆ ಸಾಗುವ ಒಳಕೊಳವೆಯನ್ನು, ಏಳನೆಯ ವರ್ಷಕ್ಕೇ ಕಿತ್ತು ತೆಗೆಯಬೇಕಾಯಿತು. ಮಸಿ ತೆಗೆಯಲು ಬಂದವರು ಕ್ಯಾಮೆರಾ ಇಳಿಸಿ ತೋರಿಸಿದಾಗ, ಒಲೆಯಿಂದ ಸುಮಾರು ಒಂದು ಮೀಟರ್ ಮೇಲೆ ಸೂಜಿಮೊನೆಯಷ್ಟು ಸಣ್ಣ ತೂತುಗಳು ಗುಂಪಾಗಿ ಕಂಡವು. ಅದೇ ಚಿಮಣಿ ಮಕ್ಕಳು ಮಲಗುವ ಕೋಣೆಯ ಗೋಡೆಯೊಳಗೆ ಹಾದುಹೋಗುವುದರಿಂದ, ಕಾರ್ಬನ್ ಮಾನಾಕ್ಸೈಡ್ ಸೋರಬಹುದೆಂಬ ಭಯದಲ್ಲಿ ಅಂದೇ ಒಲೆ ಹಚ್ಚುವುದನ್ನು ನಿಲ್ಲಿಸಿದೆ.

ಆ ಲೈನರು 316ಎಲ್ ದರ್ಜೆಯದು. ಉಕ್ಕಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಕಟ್ಟಿಕೊಳ್ಳುವ ತೆಳುಪೊರೆಯೇ ಅದರ ರಕ್ಷೆ; ಕ್ಲೋರೈಡು ಆ ಪೊರೆಯನ್ನು ಒಂದು ಬಿಂದುವಿನಲ್ಲಿ ಮುರಿದರೆ, ಕುಳಿಯೊಳಗೆ ಆಮ್ಲ ಹೆಚ್ಚುತ್ತಾ ಕೊರೆತ ಆಳಕ್ಕಿಳಿಯುತ್ತದೆ. ರಾತ್ರಿಯಿಡೀ ಕೆಂಡ ಉಳಿಯಲೆಂದು ನಾನು ಸೌದೆಯ ಜೊತೆ ಕಲ್ಲಿದ್ದಲನ್ನೂ ಹಾಕುತ್ತಿದ್ದೆ. ಅದರ ಗಂಧಕ, ಕ್ಲೋರೈಡು ಎರಡೂ ಮಸಿಯಲ್ಲಿ ಸೇರಿಕೊಂಡವು, ಹಸಿ ಸೌದೆಯ ಆವಿ ಆ ಮಸಿಯನ್ನು ನೆನೆಸಿತು. ಆದರೆ ದೊಡ್ಡ ತಪ್ಪು ಬೇರೆಯದು: ಏಪ್ರಿಲ್‌ನಲ್ಲಿ ಒಲೆ ಆರಿಸಿದ ಮೇಲೆ ಮಸಿಯನ್ನು ಹಾಗೆಯೇ ಬಿಟ್ಟು ಅಕ್ಟೋಬರ್‌ನಲ್ಲಿ ಗುಡಿಸುತ್ತಿದ್ದೆ. ನಡುವಿನ ತಿಂಗಳುಗಳಲ್ಲಿ ಒಳಗಿನ ಮಸಿ ತೇವ ಹೀರಿ, ಗಂಧಕಾಮ್ಲದ ಹದಕ್ಕೆ ಬಂದು, ಬೆಂಕಿಯಿಲ್ಲದ ಕಾಲದಲ್ಲಿಯೇ ಉಕ್ಕನ್ನು ತಿಂದಿತ್ತು. ಊರಿನ ಬಚ್ಚಲೊಲೆಯ ಮಸಿ ಮಣ್ಣಿನ ಗೋಡೆಗೆ ವರ್ಷಗಟ್ಟಲೆ ಅಂಟಿಕೊಂಡಿದ್ದರೂ ಏನೂ ಆಗದ್ದನ್ನು ಕಂಡು ಬೆಳೆದ ನನಗೆ, ಮಸಿಯಿಂದ ಉಕ್ಕಿಗೆ ಅಪಾಯವಿದೆಯೆಂದು ಹೊಳೆದಿರಲಿಲ್ಲ.

ಈ ಸಲ ಸ್ಥಳೀಯ ಕಟ್ಟಡ ನಿಯಂತ್ರಣ ಕಚೇರಿಗೆ ಮೊದಲೇ ತಿಳಿಸಿ, ಇಂಥ ಕೊರೆತವನ್ನು ತಡೆಯುವ ಮಾಲಿಬ್ಡಿನಂ ಲೋಹ ಶೇ. 4ರಿಂದ 5ರಷ್ಟಿರುವ 904ಎಲ್ ದರ್ಜೆಯ ಲೈನರನ್ನು, ಬಾಣದ ಗುರುತು ಹೊಗೆ ಹೋಗುವ ದಿಕ್ಕಿಗೇ ಇರುವಂತೆ ನೋಡಿಕೊಂಡು ಇಳಿಸಿದೆ. ಹೊಗೆಯಲ್ಲಿನ ಆವಿ ತಣ್ಣಗಾಗಿ ನೀರಾಗದಿರಲೆಂದು ಲೈನರಿನ ಸುತ್ತ ಶಾಖ ಹಿಡಿದಿಡುವ ಹಗುರ ಖನಿಜವಾದ ವರ್ಮಿಕ್ಯುಲೈಟ್ ತುಂಬಿದೆ. ಸೌದೆಯನ್ನು ಸೀಳಿ ಒಳಭಾಗದ ತೇವವನ್ನು ಮೀಟರಿನಿಂದ ಅಳೆದು, ಶೇ. 20ಕ್ಕಿಂತ ಕಡಿಮೆಯಿದ್ದರೆ ಮಾತ್ರ ಉರಿಸುತ್ತೇನೆ. ಮನೆಬಳಕೆಯ ಸಾಂಪ್ರದಾಯಿಕ ಕಲ್ಲಿದ್ದಲಿನ ಮಾರಾಟ ಇಂಗ್ಲೆಂಡಿನಲ್ಲಿ 2023ರ ಮೇ 1ರಿಂದ ನಿಂತಿದೆ. ಅದರ ಬದಲಿಗೆ ಸಿಗುವ ಹೊಗೆಯಿಲ್ಲದ ಇಂಧನದಲ್ಲಿಯೂ ಗಂಧಕ ಇರುವುದರಿಂದ ಅದನ್ನೂ ಬಿಟ್ಟಿದ್ದೇನೆ. ಕೊನೆಯ ಬೆಂಕಿ ಆರಿದ ವಾರದಲ್ಲಿಯೇ ನೈಲಾನ್ ಬ್ರಷ್‌ನಿಂದ ಗುಡಿಸಿ, ಗಾಳಿಯಾಡಲೆಂದು ಬೇಸಿಗೆಯಿಡೀ ಒಲೆಯ ಗಾಳಿಕಂಡಿಗಳನ್ನು ತೆರೆದಿಡುತ್ತೇನೆ. ಗುಡಿಸಿದ ಬಳಿಕ ಕ್ಯಾಮೆರಾ ಇಳಿಸಿ, ಹಿಂದೆ ತೂತು ಬಿದ್ದಿದ್ದ ಎತ್ತರವನ್ನೇ ಮೊದಲು ನೋಡುತ್ತೇನೆ.